ಹೈಸ್ಕೂಲ್ ಮಕ್ಕಳ ಮನಸ್ಸಿಗೂ ಆರೈಕೆ ಬೇಕು

ಪಾಲಕರೇ,

ಎರಡು ವಾರದಿಂದ ಮಗುವಿಗೆ ಊಟ, ನಿದ್ದೆ ಸೇರುತ್ತಿಲ್ಲವೇ? ಶಾಲೆ ಒಲ್ಲೆ ಎನ್ನುತ್ತಿದೆಯೇ? ಸೋಮಾರಿತನವೆಂದು ಬೈಯಬೇಡಿ. ಅದು ಖಿನ್ನತೆ ಎಂಬ ಕಾಯಿಲೆ ಇರಬಹುದು, ಚಿಕಿತ್ಸೆಯಿಂದ ಗುಣವಾಗುತ್ತದೆ.

1. ಪಕ್ಕದಲ್ಲಿ ಕುಳಿತು, "ಸಾಯಬೇಕು ಅನಿಸುತ್ತದೆಯಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮನಸ್ಸಿನ ಭಾರ ಇಳಿಯುತ್ತದೆ.

2. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. ತೊಗರಿಗೆ ಹೊಡೆಯುವ ಔಷಧಿಯನ್ನು ಬೀಗದಲ್ಲಿಡಿ. ಅದೇ ದಿನ ಆಸ್ಪತ್ರೆಗೆ ಕರೆತನ್ನಿ.

3. ಫೋನಿನಲ್ಲಿ ಮಾತಾಡಲು ಟೆಲಿ ಮಾನಸ್ 14416. 2022ರಲ್ಲಿ ಆರಂಭವಾದ ಈ ಸರ್ಕಾರಿ ಸೇವೆ ಹಗಲು ರಾತ್ರಿ, ಕನ್ನಡದಲ್ಲಿ, ಉಚಿತ. ಮಕ್ಕಳೇ ಕರೆ ಮಾಡಲು ಸಹಾಯವಾಣಿ 1098.

4. ನಂದೂರ, ಕಮಲಾಪುರ ಕಡೆಯವರಿಗೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮತ್ತೆ ಬರೆಯಬಹುದು. ಮೊದಲು ಮಗು ಉಳಿಯಲಿ.