ತೊಟ್ಟಿಲ ವರ್ಷ: ಶಿಶುವಿನ ನುಡಿಗಲಿಕೆಯ ಮೊದಲ ಹನ್ನೆರಡು ತಿಂಗಳು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ಮನೆಗಳಲ್ಲಿ ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ಒಂದು ಪ್ರಶ್ನೆ ತಲೆದೋರುತ್ತದೆ: ಮಗುವಿನೊಡನೆ ಯಾವ ಭಾಷೆಯಲ್ಲಿ ಮಾತನಾಡಬೇಕು? ಅಜ್ಜಿಯ ಜೋಗುಳ ಕನ್ನಡದ್ದು. ಓಣಿ ಮತ್ತು ಅಂಗಡಿಯ ಮಾತು ಮರಾಠಿ. ಮುಂದೆ ಸೇರಬೇಕಾದ ಶಾಲೆ ಮರಾಠಿಯದೋ ಇಂಗ್ಲಿಷಿನದೋ ಆಗಿರುತ್ತದೆ. ಎರಡು ಭಾಷೆಗಳು ಕಿವಿಗೆ ಬಿದ್ದರೆ ಮಗು ಗೊಂದಲಗೊಂಡು ಮಾತು ತಡವಾದೀತೆಂಬ ಭಯದಿಂದ ಎಷ್ಟೋ ತಾಯಿತಂದೆಗಳು ಕನ್ನಡವನ್ನು ಬದಿಗಿಡುತ್ತಾರೆ. ದೊಡ್ಡವನಾದ ಮೇಲೆ ಕಲಿತರಾಯಿತೆಂಬುದು ಅವರ ಸಮಾಧಾನ. ಈ ಭಯಕ್ಕೆ ಆಧಾರವುಂಟೇ ಎಂಬುದನ್ನು ಅರಿಯಬೇಕಾದರೆ ಮಗುವಿನ ಮೊದಲ ಮಾತಿಗೂ ಹಿಂದಿನ ಹನ್ನೆರಡು ತಿಂಗಳುಗಳತ್ತ ಗಮನ ಹರಿಸಬೇಕು.

ಗರ್ಭದಿಂದ ತೊಟ್ಟಿಲಿಗೆ

ಗರ್ಭದಲ್ಲಿ ಆರನೆಯ ತಿಂಗಳ ಹೊತ್ತಿಗೆ ಶಿಶುವಿನ ಶ್ರವಣೇಂದ್ರಿಯ ಕೆಲಸಮಾಡತೊಡಗುತ್ತದೆ. ಗರ್ಭಕೋಶದ ಗೋಡೆ ಮತ್ತು ದ್ರವವನ್ನು ದಾಟಿ ಬರುವಾಗ ವ್ಯಂಜನಗಳ ಸ್ಪಷ್ಟತೆ ಮಸುಕಾದರೂ ಮಾತಿನ ಲಯ ಮತ್ತು ಏರಿಳಿತ ಉಳಿದುಕೊಳ್ಳುತ್ತವೆ. ಆದುದರಿಂದ ಭಾಷೆಯಲ್ಲಿ ಮಗು ಮೊದಲು ಅರಿಯುವುದು ಶಬ್ದವನ್ನಲ್ಲ, ಧಾಟಿಯನ್ನು.

1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಸಂಶೋಧಕರು ಹುಟ್ಟಿ ಮೂರು ದಿನವೂ ತುಂಬದ ಶಿಶುಗಳ ಬಾಯಿಗೆ ಯಂತ್ರಕ್ಕೆ ಜೋಡಿಸಿದ ರಬ್ಬರಿನ ತೊಟ್ಟನ್ನಿಟ್ಟು ಪರೀಕ್ಷಿಸಿದರು. ಒಂದು ಗತಿಯಲ್ಲಿ ಚೀಪಿದರೆ ತಾಯಿಯ ದನಿ, ಇನ್ನೊಂದು ಗತಿಯಲ್ಲಿ ಚೀಪಿದರೆ ಬೇರೊಬ್ಬ ಹೆಂಗಸಿನ ದನಿ ಕೇಳಿಸುತ್ತಿತ್ತು. ಶಿಶುಗಳು ತಾಯಿಯ ದನಿ ಬರುವಂತೆ ಚೀಪುವ ಗತಿಯನ್ನೇ ಬದಲಿಸಿಕೊಂಡವು. 1988ರಲ್ಲಿ ಫ್ರಾನ್ಸಿನ ಜಾಕ್ ಮೆಹ್ಲರ್ ಮತ್ತು ಸಂಗಡಿಗರು, ನಾಲ್ಕು ದಿನದ ಫ್ರೆಂಚ್ ಶಿಶುಗಳು ಫ್ರೆಂಚ್ ಮಾತನ್ನು ರಷ್ಯನ್ ಮಾತಿನಿಂದ ಬೇರ್ಪಡಿಸಬಲ್ಲವೆಂದು ತೋರಿಸಿದರು.

ಕಿವಿ ಹದಗೊಳ್ಳುವ ಬಗೆ

ಎರಡನೆಯ ಘಟ್ಟದಲ್ಲಿ ಧ್ವನಿಗಳ ಭೇದ ಮುಖ್ಯವಾಗುತ್ತದೆ. ಒಂದು ತಿಂಗಳ ಮಗುವೂ ‘ಬ’ ಮತ್ತು ‘ಪ’ಗಳನ್ನು ಬೇರೆಯಾಗಿ ಕೇಳುತ್ತದೆಂದು 1971ರಲ್ಲಿ ಪೀಟರ್ ಐಮಸ್ ಮತ್ತು ಸಂಗಡಿಗರು ಕಂಡುಕೊಂಡರು. ಭಾರತೀಯ ಭಾಷೆಗಳ ವಿದ್ಯಾರ್ಥಿಗೆ ಇನ್ನೂ ಹತ್ತಿರದ್ದು 1984ರ ಅಧ್ಯಯನ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ ದಂತ್ಯ ‘ತ’ ಮತ್ತು ಮೂರ್ಧನ್ಯ ‘ಟ’ಗಳನ್ನು ಕೇಳಿಸಿದರು. ಇಂಗ್ಲಿಷಿನಲ್ಲಿ ಈ ಭೇದವಿಲ್ಲ. ಧ್ವನಿ ಬದಲಾದಾಗ ಮಗು ತಲೆ ತಿರುಗಿಸಿದರೆ ಆಟಿಕೆಯೊಂದು ಬೆಳಗುವ ಏರ್ಪಾಡಿತ್ತು. ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಭೇದವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಶಿಶುಗಳಲ್ಲಿ ಕೆಲವೇ ಗುರುತಿಸಿದವು. ಅದೇ ವಯಸ್ಸಿನ ಹಿಂದಿ ಮನೆಗಳ ಶಿಶುಗಳಲ್ಲಿ ಈ ಶಕ್ತಿ ಕುಂದಿರಲಿಲ್ಲ.

ಇದನ್ನು ನಷ್ಟವೆಂದಷ್ಟೇ ತಿಳಿಯಬಾರದು. ಸುತ್ತಲಿನ ಭಾಷೆಗೆ ಬೇಕಾದ ಭೇದಗಳನ್ನು ಹರಿತಗೊಳಿಸಿ, ಬೇಡವಾದವನ್ನು ಸಡಿಲಬಿಡುವುದೇ ಕಲಿಕೆ. ಆದರೆ ಯಾವುದು ಬೇಕು, ಯಾವುದು ಬೇಡ ಎಂಬ ತೀರ್ಮಾನವನ್ನು ಮಗು ಕೇಳಿದ ಮಾತಿನ ಆಧಾರದಿಂದಲೇ ಮಾಡಿಕೊಳ್ಳುತ್ತದೆ.

ನಾಲಗೆಯ ದಾರಿ

ನವಜಾತ ಶಿಶುವಿನ ಧ್ವನಿಪೆಟ್ಟಿಗೆ ಕೊರಳಿನಲ್ಲಿ ಎತ್ತರದಲ್ಲಿರುತ್ತದೆ. ನಾಲಗೆ ಬಾಯನ್ನೆಲ್ಲ ತುಂಬಿಕೊಂಡಿರುತ್ತದೆ. ಹಾಲು ಕುಡಿಯಲು ಇದು ಅನುಕೂಲ, ಉಚ್ಚಾರಣೆಗೆ ಅಡ್ಡಿ. ಎರಡು ತಿಂಗಳ ಸುಮಾರಿಗೆ ಅಳುವಿನ ಜೊತೆಗೆ ‘ಊ’, ‘ಅಗೂ’ ಎಂಬಂಥ ನಲಿವಿನ ದನಿಗಳು ಕೇಳಿಬರುತ್ತವೆ. ಆರೇಳು ತಿಂಗಳಿಗೆ ‘ಬಬಬ’, ‘ಮಮಮ’, ‘ದದದ’ ಎಂಬ ತೊದಲು ಆರಂಭವಾಗುತ್ತದೆ. ವರ್ಣಮಾಲೆಯ ವರ್ಗಾಕ್ಷರಗಳು ಕಂಠ್ಯದಿಂದ ಹೊರಟು ಓಷ್ಠ್ಯದಲ್ಲಿ ಮುಗಿಯುತ್ತವೆ. ಶಿಶುವಿನ ತೊದಲಿನಲ್ಲಿ ಮಾತ್ರ ಕೊನೆಯ ಪವರ್ಗವೇ ಮುಂದೆ ನಿಲ್ಲುತ್ತದೆ. ತುಟಿಗಳ ಚಲನೆ ಸುಲಭ, ಕಣ್ಣಿಗೂ ಕಾಣುತ್ತದೆ. ಕನ್ನಡದ ಅಮ್ಮ, ಅಪ್ಪ, ಮರಾಠಿಯ ಬಾಬಾ, ಇಂಗ್ಲಿಷಿನ ಮಾಮಾ ಈ ಧ್ವನಿಗಳ ಮೇಲೆಯೇ ನಿಂತಿವೆ. ಹಾಲುಣ್ಣುವಾಗ ಬಾಯಿ ತುಂಬಿದ್ದರೂ ಹೊರಡಬಲ್ಲ ಅನುನಾಸಿಕ ದನಿಯೇ ತಾಯಿಯನ್ನು ಕರೆಯುವ ಶಬ್ದಕ್ಕೆ ಮೂಲವಾಗಿರಬಹುದೆಂದು ಭಾಷಾಶಾಸ್ತ್ರಜ್ಞ ರೋಮನ್ ಯಾಕಬ್ಸನ್ ಊಹಿಸಿದ್ದನು.

ಅರ್ಥವುಳ್ಳ ಮೊದಲ ಶಬ್ದ ಬರುವುದು ವರ್ಷದ ಆಸುಪಾಸಿನಲ್ಲಿ. ತಿಳಿವಳಿಕೆ ಅದಕ್ಕಿಂತ ತಿಂಗಳುಗಟ್ಟಲೆ ಮುಂದಿರುತ್ತದೆ. ‘ಚಂದಪ್ಪ ಎಲ್ಲಿ?’ ಎಂದಾಗ ಮೇಲೆ ನೋಡುವ ಮಗು ಆ ಶಬ್ದವನ್ನು ಇನ್ನೂ ಆಡಿರುವುದಿಲ್ಲ, ಅಷ್ಟೇ.

ಎರಡು ಭಾಷೆಗಳ ಮನೆ

2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಗರ್ಭಿಣಿಯಾಗಿದ್ದಾಗ ಇಂಗ್ಲಿಷ್ ಮತ್ತು ತಗಾಲೋಗ್ ಎರಡನ್ನೂ ಆಡುತ್ತಿದ್ದ ತಾಯಂದಿರ ನವಜಾತ ಶಿಶುಗಳು ಎರಡೂ ಭಾಷೆಗಳಲ್ಲಿ ಆಸಕ್ತಿ ತೋರಿದವು. ಎರಡನ್ನೂ ಬೇರೆಯಾಗಿಯೂ ಗುರುತಿಸಿದವು. ಇಬ್ಭಾಷಿಕತೆಯೇ ಗೊಂದಲಕ್ಕೆ ಕಾರಣವೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಇಂಥ ಮನೆಯ ಮಗು ‘ಪಾಣಿ ಬೇಕು’ ಎಂದರೆ ಅದು ತನ್ನಲ್ಲಿರುವ ಶಬ್ದಗಳನ್ನೆಲ್ಲ ಬಳಸುತ್ತಿದೆಯೇ ಹೊರತು ತಪ್ಪುತ್ತಿಲ್ಲ. ಅದರ ಶಬ್ದಗಳನ್ನು ಎಣಿಸುವಾಗ ಎರಡೂ ಭಾಷೆಗಳನ್ನು ಕೂಡಿಸಬೇಕು.

ಹಾಗಾದರೆ ತಡಮಾಡಿದರೆ ಕಳೆಯುವುದೇನು? ಕನ್ನಡದಲ್ಲಿ ಎ–ಏ, ಒ–ಓ ಎಂಬ ಹ್ರಸ್ವದೀರ್ಘ ಭೇದ ಅರ್ಥವನ್ನೇ ಬದಲಿಸುತ್ತದೆ: ಕೊಡು–ಕೋಡು, ಬೆರೆ–ಬೇರೆ. ಮರಾಠಿಯಲ್ಲಿ ಈ ಭೇದವಿಲ್ಲ. ತೊಟ್ಟಿಲಲ್ಲಿ ಕನ್ನಡ ಕೇಳಿದ ಮಗುವಿಗೆ ಇದು ತಾನಾಗಿ ಬರುತ್ತದೆ. ಮರಾಠಿಯೊಂದನ್ನೇ ಕೇಳಿ ಬೆಳೆದವರು ಮುಂದೆ ಕಲಿಯಲಾರರೆಂದಲ್ಲ. ಆಗ ಅದನ್ನು ಪ್ರಯತ್ನದಿಂದ ಕಲಿಯಬೇಕಾಗುತ್ತದೆ.

ಕೇಳಿಸುವ ಬಗೆಯೂ ಮುಖ್ಯ. 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಅಮೆರಿಕದ ಒಂಬತ್ತು ತಿಂಗಳ ಶಿಶುಗಳಿಗೆ 12 ಸಲ ಚೀನೀ ಮಾತನ್ನು ಕೇಳಿಸಿದರು. ಎದುರಿಗೆ ಕುಳಿತು ಆಡಿಸಿದವರಿಂದ ಶಿಶುಗಳು ಆ ಭಾಷೆಯ ಧ್ವನಿಭೇದವನ್ನು ಕಲಿತವು. ಅದೇ ಮಾತನ್ನು ಪರದೆಯ ಮೇಲೆ ಕಂಡವು ಕಲಿಯಲಿಲ್ಲ. ಮೊಬೈಲಿನ ಕನ್ನಡ ಪದ್ಯ ಅಜ್ಜಿಯ ಮಡಿಲಿಗೆ ಬದಲಾಗಲಾರದು.

ಒಂದು ಎಚ್ಚರಿಕೆ ಅಗತ್ಯ. ಹತ್ತು ತಿಂಗಳಾದರೂ ತೊದಲದ, ವರ್ಷವಾದರೂ ಹೆಸರಿಗೆ ಓಗೊಡದ ಮಗುವಿನ ಬಗ್ಗೆ ‘ಎರಡು ಭಾಷೆಯ ಮನೆ, ಅದಕ್ಕೇ ಹೀಗೆ’ ಎಂದು ಕಾಯುತ್ತ ಕೂಡಬಾರದು. ಕಿವುಡು ಶಿಶುಗಳಲ್ಲಿ ‘ಬಬಬ’ ಬಗೆಯ ತೊದಲು ತಡವಾಗುತ್ತದೆ. ಕಿವಿಯ ಪರೀಕ್ಷೆ ಕೂಡಲೇ ಆಗಬೇಕು. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹುಟ್ಟುಕಿವುಡೂ ಸೇರಿದೆ.

ಗಡಿಯಲ್ಲಿ ಭಾಷೆ ಉಳಿಯುವುದು ಶಾಲೆಯಿಂದ ಎಂಬ ಮಾತು ನಿಜ. ಆದರೆ ಮಗು ಶಾಲೆಯ ಹೊಸ್ತಿಲಿಗೆ ಬರುವ ಹೊತ್ತಿಗೆ ಅದರ ಕಿವಿ ಐದಾರು ವರ್ಷಗಳ ಕಲಿಕೆಯನ್ನು ಮುಗಿಸಿರುತ್ತದೆ. ಮರಾಠಿಯನ್ನು ಮಗು ಓಣಿಯಿಂದ ಹೇಗೂ ಪಡೆಯುತ್ತದೆ. ಕನ್ನಡ ಅದಕ್ಕೆ ದೊರೆಯುವುದು ತೊಟ್ಟಿಲು ತೂಗುವವರ ಬಾಯಿಂದ ಮಾತ್ರ.

ಅಭ್ಯಾಸ

1. ಮನೆಯಲ್ಲಿ ಅಥವಾ ನೆರೆಯಲ್ಲಿ ಆರರಿಂದ ಹನ್ನೆರಡು ತಿಂಗಳ ಮಗುವಿದ್ದರೆ, ಹಿರಿಯರ ಒಪ್ಪಿಗೆ ಪಡೆದು ಒಂದು ವಾರ ಅದರ ತೊದಲನ್ನು ಬರೆದಿಡಿರಿ. ಯಾವ ವರ್ಗದ ವ್ಯಂಜನಗಳು ಹೆಚ್ಚು?
2. ಮಗುವಿನೊಡನೆ ಯಾರು ಯಾವ ಭಾಷೆಯಲ್ಲಿ ಮಾತನಾಡುತ್ತಾರೆಂಬುದನ್ನು ಪಟ್ಟಿಮಾಡಿರಿ.
3. ಎ–ಏ, ಒ–ಓ ಭೇದದಿಂದ ಅರ್ಥ ಬದಲಾಗುವ ಹತ್ತು ಜೋಡಿಗಳನ್ನು ನಿಮ್ಮ ಊರಿನ ಆಡುಮಾತಿನಿಂದ ಆರಿಸಿರಿ.