ಬೈಲುಗದ್ದೆ ಮತ್ತು ಮನೆ ನಿವೇಶನ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರು ಬಗೆಯಾಗಿ ಗುರುತಿಸುತ್ತಾರೆ. ಬೆಟ್ಟು ಗದ್ದೆ ಮಳೆಯಾಶ್ರಿತ. ಅಲ್ಲಿ ಏಣೆಲು ಒಂದೇ ಬೆಳೆ. ಗುಡ್ಡದ ಮುರಕಲ್ಲಿನಲ್ಲಿ ಇಂಗಿದ ನೀರು ಕೊನೆಗೆ ಒಸರುವುದು ತಗ್ಗಿನ ಬೈಲಿನಲ್ಲಿ. ಆದ್ದರಿಂದಲೇ ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ ಸಾಧ್ಯ. ಈಗ ರಸ್ತೆ ಬದಿಯ ಬೈಲುಗಳಿಗೆ ಮಣ್ಣು ತುಂಬಿಸಿ ಮನೆ ಕಟ್ಟಲಾಗುತ್ತಿದೆ. ಆಳು ಸಿಗದೆ ಗದ್ದೆ ಹಡಿಲು ಬಿಟ್ಟವರಿಗೆ ನಿವೇಶನದ ಬೆಲೆ ದೊಡ್ಡದೇ. ಅವರನ್ನು ದೂರಿ ಫಲವಿಲ್ಲ.

ಆದರೆ ಒಂದು ಎಕರೆ ಬೈಲಿನಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಅದು ಸುಮಾರು 4 ಲಕ್ಷ ಲೀಟರು. ಮಣ್ಣು ತುಂಬಿಸಿದರೆ ಈ ನೀರು ನೆರೆಯವರ ಗದ್ದೆಗೆ, ಅಂಗಳಕ್ಕೆ ನುಗ್ಗುತ್ತದೆ. ಬೇಸಿಗೆಯಲ್ಲಿ ಸುತ್ತಲಿನ ಬಾವಿಗಳ ಒಸರೂ ತಗ್ಗುತ್ತದೆ. 1974 ಮತ್ತು 2019ರಲ್ಲಿ ಬಂಟ್ವಾಳಕ್ಕೆ ನುಗ್ಗಿದ ನೇತ್ರಾವತಿಯ ನೆರೆಗೆ ಇದೇ ಕಾರಣವೆನ್ನಲಾಗದು. ಬಂದ ನೀರು ಹರಡಿಕೊಳ್ಳುವ ಜಾಗವಂತೂ ಕಿರಿದಾಗುತ್ತದೆ.

ಆಸ್ತಿ ಪಾಲು ಮಾಡುವಾಗಲೇ ಮನೆಯ ಜಾಗವನ್ನು ಬೆಟ್ಟಿನಲ್ಲಿ ಗುರುತಿಸಿಕೊಳ್ಳುವುದು ಉತ್ತಮ. ಭೂಪರಿವರ್ತನೆಗೆ ಅಪ್ಪಣೆ ದೊರೆತ ಮಾತ್ರಕ್ಕೆ ತೋಡು ಮುಚ್ಚುವ ಹಕ್ಕು ಬರುವುದಿಲ್ಲ. ಬೈಲಿನ ಅಂಚಿನಲ್ಲೇ ಕಟ್ಟಬೇಕಾದರೆ ತೋಡಿನ ಪೂರ್ಣ ಅಗಲ ಬಿಡಬೇಕು. ದಾರಿಗೆ ಸಣ್ಣ ಪೈಪು ಹೂಳದೆ ಅಗಲವಾದ ಮೋರಿ ಹಾಕಬೇಕು.

ಹಡಿಲು ಬಿದ್ದ ಬೈಲನ್ನು ಮತ್ತೆ ಸರಿಪಡಿಸುವವರು ಮೊದಲು ತೋಡಿನ ಹೂಳು ತೆಗೆಯಲಿ, ಬದು ಕಟ್ಟುವುದು ಅನಂತರ. ಮಳೆ ನಿಂತು ಹರಿವು ತಗ್ಗಿದ ಮೇಲೆ, ನವೆಂಬರ್–ಡಿಸೆಂಬರ್‌ನಲ್ಲಿ ಕಟ್ಟ ಹಾಕಿ ಮಳೆಗಾಲಕ್ಕೆ ಮುಂಚೆ ಬಿಚ್ಚಬೇಕು. ಒಬ್ಬರ ಗದ್ದೆ ಮಾತ್ರ ಸರಿಯಾದರೆ ನೀರು ನಿಲ್ಲದು. ಕಟ್ಟದ ಜಾಗವನ್ನು ಬೈಲಿನವರೆಲ್ಲ ಸೇರಿ ಅಕ್ಟೋಬರ್‌ನಲ್ಲೇ ನೋಡಿಡಬೇಕು.