ಗಣಕಯಂತ್ರದ ಕಾವಲು

ವಿಜ್ಞಾನವು ಮಾನವನಿಗೆ ನೀಡಿರುವ ಕೊಡುಗೆಗಳಲ್ಲಿ ಗಣಕಯಂತ್ರವು ಮುಖ್ಯವಾದುದು. ಒಂದು ಕಾಲಕ್ಕೆ ದೊಡ್ಡ ದೊಡ್ಡ ಸಂಶೋಧನಾಲಯಗಳಲ್ಲಿ ಮಾತ್ರ ಇದ್ದ ಈ ಯಂತ್ರವು ಇಂದು ಸಾಮಾನ್ಯ ಕುಟುಂಬಗಳ ಮನೆಯನ್ನೂ ಪ್ರವೇಶಿಸಿದೆ. ತಂದೆಯ ಬ್ಯಾಂಕಿನ ವ್ಯವಹಾರ, ತಾಯಿಯ ಕಚೇರಿಯ ಪತ್ರಗಳು, ಅಜ್ಜ ಅಜ್ಜಿಯರ ಭಾವಚಿತ್ರಗಳು, ಮಕ್ಕಳ ಪಾಠದ ಟಿಪ್ಪಣಿಗಳು ಎಲ್ಲವೂ ಅದರೊಳಗೆ ಸೇರಿಕೊಂಡಿವೆ. ಮನೆಗೆ ಬೀಗ ಹಾಕದೆ ಹೊರಗೆ ಹೊರಡದ ನಾವು, ಇಷ್ಟೊಂದು ಸಂಪತ್ತನ್ನು ಹೊತ್ತಿರುವ ಈ ಯಂತ್ರಕ್ಕೆ ಎಂತಹ ಕಾವಲನ್ನು ಏರ್ಪಡಿಸಬೇಕೆಂಬುದನ್ನು ತಿಳಿದಿರಬೇಕು.

ಗಣಕಯಂತ್ರವು ತಾನಾಗಿ ಏನನ್ನೂ ಮಾಡಲಾರದು. ಅದನ್ನು ನಡೆಸುವ ಆದೇಶಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಹಾನಿ ಮಾಡುವ ಉದ್ದೇಶದಿಂದಲೇ ರಚಿಸಿದ ತಂತ್ರಾಂಶವು ಕುತಂತ್ರಾಂಶ ಎನಿಸುತ್ತದೆ. ಇವುಗಳಲ್ಲಿ ಹಲವು ಬಗೆಗಳಿವೆ. ಬೇರೊಂದು ಕಡತಕ್ಕೆ ಅಂಟಿಕೊಂಡು ಹರಡುವುದು ವೈರಸ್. ಯಾರ ನೆರವೂ ಇಲ್ಲದೆ ಯಂತ್ರದಿಂದ ಯಂತ್ರಕ್ಕೆ ತಾನೇ ಹರಿದುಹೋಗುವುದು ವರ್ಮ್, ಎಂದರೆ ಹುಳು. ಉಪಯುಕ್ತ ತಂತ್ರಾಂಶದ ವೇಷ ಧರಿಸಿ ಒಳಗೆ ಬರುವುದು ಟ್ರೋಜನ್. ಕಡತಗಳನ್ನು ಓದಲಾಗದಂತೆ ಬಂಧಿಸಿಟ್ಟು, ಬಿಡುಗಡೆಗೆ ಹಣ ಕೇಳುವುದು ರಾನ್ಸಮ್‌ವೇರ್.

1982ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ರಿಚ್ ಸ್ಕ್ರೆಂಟಾ ಎಂಬ ಹದಿನೈದು ವರ್ಷದ ಶಾಲಾ ಬಾಲಕನು ಗೆಳೆಯರನ್ನು ಕೀಟಲೆ ಮಾಡುವ ಸಲುವಾಗಿ ‘ಎಲ್ಕ್ ಕ್ಲೋನರ್’ ಎಂಬ ವೈರಸನ್ನು ರಚಿಸಿದನು. ಅದು ಫ್ಲಾಪಿ ತಟ್ಟೆಗಳ ಮೂಲಕ ಆಪಲ್ ಯಂತ್ರಗಳಿಗೆ ಹರಡಿ, ಐವತ್ತನೆಯ ಸಲ ಯಂತ್ರವನ್ನು ಆರಂಭಿಸಿದಾಗ ಪರದೆಯ ಮೇಲೆ ಒಂದು ಪದ್ಯವನ್ನು ತೋರಿಸುತ್ತಿತ್ತು. ಮೂವತ್ತೈದು ವರ್ಷಗಳಲ್ಲಿ ಕೀಟಲೆಯ ಸ್ಥಾನವನ್ನು ಸುಲಿಗೆಯು ಆಕ್ರಮಿಸಿತು. 2017ರ ಮೇ 12ರಂದು ಕಾಣಿಸಿಕೊಂಡ ‘ವಾನಾಕ್ರೈ’ ಎಂಬ ಕುತಂತ್ರಾಂಶವು ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಬಾಧಿಸಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಅದು ಬಳಸಿಕೊಂಡ ದೋಷಕ್ಕೆ ಎರಡು ತಿಂಗಳು ಮೊದಲೇ ಪರಿಹಾರವು ಪ್ರಕಟವಾಗಿದ್ದಿತು. ಆ ಪರಿಹಾರವನ್ನು ಅಳವಡಿಸಿಕೊಳ್ಳದಿದ್ದ ಯಂತ್ರಗಳೇ ಅದಕ್ಕೆ ಬಲಿಯಾದವು.

ಇಂತಹ ಕುತಂತ್ರಾಂಶಗಳನ್ನು ಪತ್ತೆಹಚ್ಚುವ ಸಾಧನವೇ ಶೋಧಕ. ಇದನ್ನು ಬಳಕೆಯಲ್ಲಿ ಆಂಟಿವೈರಸ್ ಎನ್ನುವರು. ಶೋಧಕವು ಎರಡು ವಿಧಗಳಲ್ಲಿ ಕೆಲಸ ಮಾಡುತ್ತದೆ. ಪೊಲೀಸರು ಹಳೆಯ ಅಪರಾಧಿಗಳ ಬೆರಳಚ್ಚುಗಳನ್ನು ಸಂಗ್ರಹಿಸಿಡುವಂತೆ, ಅದು ಈಗಾಗಲೇ ಗೊತ್ತಿರುವ ಕುತಂತ್ರಾಂಶಗಳ ಗುರುತುಗಳನ್ನು ಇಟ್ಟುಕೊಂಡು ಪ್ರತಿಯೊಂದು ಕಡತವನ್ನೂ ಅವುಗಳೊಡನೆ ಹೋಲಿಸಿ ನೋಡುತ್ತದೆ. ಇದು ಮೊದಲನೆಯ ವಿಧ. ತಂತ್ರಾಂಶದ ನಡವಳಿಕೆಯನ್ನು ಗಮನಿಸಿ, ಅನುಮಾನ ಬಂದೊಡನೆ ಅದನ್ನು ತಡೆಯುವುದು ಎರಡನೆಯ ವಿಧ. ಹೊಸ ಕುತಂತ್ರಾಂಶಗಳು ಪ್ರತಿನಿತ್ಯ ಹುಟ್ಟುತ್ತಿರುವುದರಿಂದ ಗುರುತುಗಳ ಪಟ್ಟಿಯನ್ನೂ ಪ್ರತಿನಿತ್ಯ ನವೀಕರಿಸಬೇಕಾಗುತ್ತದೆ. ಹಳೆಯ ಪಟ್ಟಿಯನ್ನು ಹಿಡಿದ ಕಾವಲುಗಾರನು ಹೊಸ ಕಳ್ಳನನ್ನು ಗುರುತಿಸುವುದು ಕಷ್ಟ.

ಶೋಧಕಗಳಲ್ಲಿ ಸ್ಥಾಪಿತ ಶೋಧಕ, ಸಂಚಾರಿ ಶೋಧಕ ಎಂದು ಎರಡು ಬಗೆ. ಸ್ಥಾಪಿತ ಶೋಧಕವು ಯಂತ್ರದಲ್ಲಿಯೇ ನೆಲೆಸಿ ಹಗಲಿರುಳೂ ಎಚ್ಚರವಾಗಿರುತ್ತದೆ. ಕಡತವನ್ನು ತೆರೆಯುವ ಕ್ಷಣದಲ್ಲಿಯೇ ಪರೀಕ್ಷಿಸಿ ಅಪಾಯವನ್ನು ಬಾಗಿಲಲ್ಲಿಯೇ ತಡೆಯುವುದು ಇದರ ಹಿರಿಮೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಮೊದಲ್ಗೊಂಡು ‘ಡಿಫೆಂಡರ್’ ಎಂಬ ಶೋಧಕವು ವಿಂಡೋಸ್‌ನೊಡನೆಯೇ ದೊರೆಯುತ್ತಿದೆ. ಇಂತಹ ಕಾವಲುಗಾರ ಒಬ್ಬನೇ ಇರಬೇಕು. ಎರಡು ಸ್ಥಾಪಿತ ಶೋಧಕಗಳನ್ನು ಒಟ್ಟಿಗೆ ನಡೆಸಿದರೆ ಅವು ಒಂದನ್ನೊಂದು ಅನುಮಾನಿಸುವುದುಂಟು. ಯಂತ್ರದ ವೇಗವೂ ಕುಂಠಿತವಾಗುತ್ತದೆ.

ಸಂಚಾರಿ ಶೋಧಕವು ಯಂತ್ರದಲ್ಲಿ ನೆಲೆಸುವುದಿಲ್ಲ. ಅದನ್ನು ಪೆನ್ ಡ್ರೈವಿನಲ್ಲಿ ತಂದು, ಬೇಕೆಂದಾಗ ನಡೆಸಿ, ಕೆಲಸ ಮುಗಿದ ಮೇಲೆ ತೆಗೆದಿಡಬಹುದು. ಅದು ಹೊರಗಿನಿಂದ ಬಂದು ರೋಗಿಯನ್ನು ಪರೀಕ್ಷಿಸುವ ಎರಡನೆಯ ವೈದ್ಯನಿದ್ದಂತೆ. ಇದರ ಅಗತ್ಯವೇನೆಂದು ಕೆಲವರು ಕೇಳಬಹುದು. ಕೆಲವು ಕುತಂತ್ರಾಂಶಗಳು ಒಳಗೆ ಬಂದೊಡನೆ ಮೊದಲು ಮಾಡುವ ಕೆಲಸವೆಂದರೆ ಸ್ಥಾಪಿತ ಶೋಧಕದ ಕಣ್ಣು ಕಟ್ಟುವುದು. ಆಗ ಪರದೆಯ ಮೇಲೆ ‘ಎಲ್ಲವೂ ಕ್ಷೇಮ’ ಎಂದಿದ್ದರೂ ಆ ಮಾತನ್ನು ನಂಬುವಂತಿಲ್ಲ. ಇಂತಹ ಸಂದರ್ಭದಲ್ಲಿ ಯಂತ್ರವನ್ನು ಪೆನ್ ಡ್ರೈವಿನಿಂದಲೇ ಆರಂಭಿಸಿ ಶೋಧಿಸುವ ಕ್ರಮವೂ ಉಂಟು. ಆಗ ಒಳಗಿನ ಕುತಂತ್ರಾಂಶವು ಎಚ್ಚರಗೊಳ್ಳುವ ಮೊದಲೇ ಸಿಕ್ಕಿಬೀಳುತ್ತದೆ.

ಆದರೆ ಸಂಚಾರಿ ಶೋಧಕವೊಂದನ್ನೇ ನಂಬಿ ಕುಳಿತರೆ ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಮುಚ್ಚಿದಂತಾದೀತು. ಅದು ಬಂದ ಕಳ್ಳನನ್ನು ಹುಡುಕಬಲ್ಲದೇ ಹೊರತು ಬರುವ ಕಳ್ಳನನ್ನು ತಡೆಯಲಾರದು. ಅದು ಬೇಗನೆ ಹಳತಾಗುತ್ತದೆ ಕೂಡ. ಮೈಕ್ರೋಸಾಫ್ಟ್ ಸಂಸ್ಥೆಯ ‘ಸೇಫ್ಟಿ ಸ್ಕ್ಯಾನರ್’ ಇಳಿಸಿಕೊಂಡ ಹತ್ತು ದಿನಗಳಿಗೆ ನಿರುಪಯುಕ್ತವಾಗುತ್ತದೆ. ಮತ್ತೆ ಬೇಕಾದರೆ ಹೊಸದನ್ನೇ ತರಬೇಕು.

ಒಂದು ಉದಾಹರಣೆಯನ್ನು ನೋಡೋಣ. ವಿದ್ಯಾರ್ಥಿಯೊಬ್ಬಳು ಪ್ರಬಂಧವನ್ನು ಅಚ್ಚು ಹಾಕಿಸಲು ಪೆನ್ ಡ್ರೈವನ್ನು ಜೆರಾಕ್ಸ್ ಅಂಗಡಿಗೆ ಒಯ್ಯುತ್ತಾಳೆ. ಮನೆಗೆ ಬಂದು ನೋಡಿದರೆ ಅದರಲ್ಲಿದ್ದ ಫೋಲ್ಡರುಗಳೆಲ್ಲ ಸಣ್ಣ ಬಾಣದ ಗುರುತು ಹೊತ್ತ ಶಾರ್ಟ್‌ಕಟ್‌ಗಳಾಗಿವೆ. ಇದು ಒಂದು ಬಗೆಯ ಕುತಂತ್ರಾಂಶದ ಲಕ್ಷಣ. ಅದು ನಿಜವಾದ ಫೋಲ್ಡರನ್ನು ಮರೆಮಾಡಿ, ಅದೇ ಹೆಸರಿನ ಬಲೆಯನ್ನು ಒಡ್ಡಿರುತ್ತದೆ. ಆ ಗುರುತನ್ನು ಒತ್ತಿದರೆ ಕುತಂತ್ರಾಂಶವು ಮನೆಯ ಯಂತ್ರಕ್ಕೂ ಹರಡುತ್ತದೆ. ಗಾಬರಿಯಿಂದ ಎಲ್ಲವನ್ನೂ ಅಳಿಸಿದರೆ ಮರೆಯಲ್ಲಿರುವ ಪ್ರಬಂಧವೂ ನಾಶವಾಗುತ್ತದೆ. ಆದುದರಿಂದ ಏನನ್ನೂ ಒತ್ತದೆ, ಮೊದಲು ಸ್ಥಾಪಿತ ಶೋಧಕದಿಂದ ಪೆನ್ ಡ್ರೈವನ್ನು ಪರೀಕ್ಷಿಸಬೇಕು. ಯಂತ್ರವೂ ಬಾಧಿತವಾಗಿರಬಹುದೆಂಬ ಅನುಮಾನವಿದ್ದರೆ ಅದನ್ನು ಅಂತರಜಾಲದಿಂದ ಬೇರ್ಪಡಿಸಬೇಕು. ಬೇರೊಂದು ಶುದ್ಧವಾದ ಯಂತ್ರದಲ್ಲಿ ಸಂಚಾರಿ ಶೋಧಕವನ್ನು ಸಿದ್ಧಪಡಿಸಿ ತಂದು, ಸಂಪೂರ್ಣ ಶೋಧನೆಯನ್ನು ನಡೆಸಬೇಕು. ಬಳಿಕ ಯಂತ್ರವನ್ನು ಪುನಃ ಆರಂಭಿಸಿ ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯದು. ಗುಪ್ತಪದಗಳನ್ನು ಶುದ್ಧವಾದ ಯಂತ್ರದಿಂದಲೇ ಬದಲಿಸಬೇಕು.

ಶೋಧಕವು ಸಿಕ್ಕಿದ ಕಡತವನ್ನು ಕೂಡಲೇ ಅಳಿಸದೆ ಕ್ವಾರಂಟೈನಿನಲ್ಲಿ ಇಡುವುದುಂಟು. ಇದರಲ್ಲಿ ವಿವೇಕವಿದೆ, ಏಕೆಂದರೆ ಶೋಧಕವೂ ತಪ್ಪುವುದುಂಟು. 2010ರ ಏಪ್ರಿಲ್‌ನಲ್ಲಿ ಹೆಸರಾಂತ ಶೋಧಕವೊಂದು ವಿಂಡೋಸ್ ಎಕ್ಸ್‌ಪಿಯ ಅತ್ಯವಶ್ಯಕ ಕಡತವನ್ನೇ ವೈರಸ್ ಎಂದು ಭಾವಿಸಿ ತೆಗೆದುಹಾಕಿತು. ಇದರಿಂದ ಜಗತ್ತಿನ ಹಲವೆಡೆ ಯಂತ್ರಗಳು ಸ್ತಬ್ಧವಾದವು.

ಇದಕ್ಕಿಂತ ಘೋರವಾದುದು ನಕಲಿ ಶೋಧಕ. ‘ನಿಮ್ಮ ಯಂತ್ರದಲ್ಲಿ ನೂರು ವೈರಸ್‌ಗಳಿವೆ, ಇಲ್ಲಿ ಒತ್ತಿರಿ’ ಎಂದು ಹೆದರಿಸಿ ಅದು ತಾನೇ ಒಳಗೆ ನುಗ್ಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಶೋಧಕವನ್ನು ಅದನ್ನು ತಯಾರಿಸಿದ ಸಂಸ್ಥೆಯಿಂದಲೇ ನೇರವಾಗಿ ಪಡೆಯಬೇಕು. ನಮ್ಮ ದೇಶದಲ್ಲಿ 2017ರ ಫೆಬ್ರವರಿಯಲ್ಲಿ ಆರಂಭವಾದ ಸೈಬರ್ ಸ್ವಚ್ಛತಾ ಕೇಂದ್ರವು ಕೆಲವು ಶೋಧಕಗಳನ್ನು ಸಾರ್ವಜನಿಕರಿಗೆ ಉಚಿತವಾಗಿ ಒದಗಿಸಿದೆ.

ಎರಡು ಶೋಧಕಗಳಿದ್ದರೂ ಪರಿಪೂರ್ಣ ರಕ್ಷಣೆ ಸಾಧ್ಯವೇ? ಇಲ್ಲವೆನ್ನುತ್ತದೆ ಗಣಿತ. ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಗುರುತಿಸುವ ಶೋಧಕವನ್ನು ರಚಿಸಲಾಗದೆಂದು ಅಮೆರಿಕದ ವಿಜ್ಞಾನಿ ಫ್ರೆಡ್ ಕೋಹೆನ್ 1980ರ ದಶಕದಲ್ಲಿಯೇ ಸಾಧಿಸಿ ತೋರಿಸಿದನು. ಆದುದರಿಂದ ಮುಖ್ಯವಾದ ಕಡತಗಳ ಪ್ರತಿಯೊಂದನ್ನು ಯಂತ್ರದಿಂದ ಬೇರೆಯಾಗಿ ಇಡುವುದು, ವಿಂಡೋಸನ್ನು ಕಾಲಕಾಲಕ್ಕೆ ನವೀಕರಿಸುವುದು, ಅಪರಿಚಿತರ ಕಡತಗಳನ್ನು ತೆರೆಯದಿರುವುದು ಇವು ಅನಿವಾರ್ಯ. ಸ್ಥಾಪಿತ ಶೋಧಕವು ಬಾಗಿಲನ್ನು ಕಾಯುತ್ತದೆ. ಸಂಚಾರಿ ಶೋಧಕವು ಕಾವಲುಗಾರನನ್ನೇ ಪರೀಕ್ಷಿಸುತ್ತದೆ. ಆದರೆ ಬಾಗಿಲನ್ನು ಯಾರಿಗೆ ತೆರೆಯಬೇಕೆಂಬ ವಿವೇಚನೆಯು ಮನೆಯ ಒಡೆಯನಿಗೆ ಸೇರಿದ್ದು. ಈ ವಿವೇಚನೆಯನ್ನು ವಿದ್ಯಾರ್ಥಿ ದೆಸೆಯಲ್ಲಿಯೇ ಬೆಳೆಸಿಕೊಂಡವನು ತನ್ನ ಮನೆಗೂ ನೆರೆಹೊರೆಗೂ ಉಪಕಾರಿಯಾಗುವನು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ:
1. ಕುತಂತ್ರಾಂಶ ಎಂದರೇನು?
2. ‘ಎಲ್ಕ್ ಕ್ಲೋನರ್’ ಪರದೆಯ ಮೇಲೆ ಏನನ್ನು ತೋರಿಸುತ್ತಿತ್ತು?
3. ಫ್ರೆಡ್ ಕೋಹೆನ್ ಸಾಧಿಸಿ ತೋರಿಸಿದ ವಿಷಯ ಯಾವುದು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ:
1. ಸ್ಥಾಪಿತ ಶೋಧಕಕ್ಕೂ ಸಂಚಾರಿ ಶೋಧಕಕ್ಕೂ ಇರುವ ವ್ಯತ್ಯಾಸಗಳೇನು?
2. ಪೆನ್ ಡ್ರೈವಿನ ಫೋಲ್ಡರುಗಳು ಶಾರ್ಟ್‌ಕಟ್‌ಗಳಾಗಿದ್ದರೆ ಏನು ಮಾಡಬೇಕು?

ಇ) ಸಂದರ್ಭದೊಡನೆ ವಿವರಿಸಿ:
1. “ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.”
2. “ಆ ಮಾತನ್ನು ನಂಬುವಂತಿಲ್ಲ.”

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ:
ತಂತ್ರಾಂಶ, ಮನೆಯನ್ನು, ಅತ್ಯವಶ್ಯಕ